ನಿಂತುಹೋದ ಬೇಟೆ ಬಿಲ್ಲುಗಳು, ಅವನ್ನು ಮಾಡಿದ ಊರುಗಳು: ನಿಮ್ಮ ಹತ್ತಿರ ಯಾವುದಿದೆ?

ಕಲಮಜೂ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಮಿಶಿಗನ್‌ನ ಕಲಮಜೂಗೆ ಬಂದು ಹನ್ನೊಂದು ವರ್ಷ ಆಯ್ತು. ಮೂರು ವರ್ಷದಿಂದ ಇಲ್ಲಿ ಬಿಲ್ಲುಗಾರಿಕೆ ಕಲಿಯುತ್ತಿದ್ದೇನೆ.

ಹೋದ ಶನಿವಾರ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಗ್ಯಾರೇಜ್ ಸೇಲ್ ಇತ್ತು. ಎಂಬತ್ತು ದಾಟಿದ ಅಜ್ಜಿ ಕುರ್ಚಿ ಹಾಕಿಕೊಂಡು ಒಬ್ಬರೇ ಕೂತಿದ್ದರು. ಮೀನಿನ ಗಾಳ, ಸ್ಪ್ಯಾನರ್ ಡಬ್ಬ, ಹಳೇ ರೇಡಿಯೋ, ಇದೆಲ್ಲದರ ಹಿಂದೆ ಗೋಡೆಗೆ ಒರಗಿಸಿದ್ದ ಒಂದು ಉದ್ದನೆಯ ಬಟ್ಟೆ ಚೀಲ. ದಾರ ಬಿಚ್ಚಿ ನೋಡಿದೆ. ರಿಕರ್ವ್ ಬಿಲ್ಲು, ಅಂದರೆ ತುದಿಗಳು ಮುಂದಕ್ಕೆ ಬಾಗಿರುವಂಥದ್ದು. ಹೆದೆ ಇಲ್ಲ. ನಡುವಿನ ಮರ ನಮ್ಮ ಬೀಟೆ ಥರ ಕಡುಗಂದು. ಹಿಡಿಯುವ ಜಾಗದಲ್ಲಿ ಮಾತ್ರ ಪಾಲಿಶ್ ಸವೆದು ಮಂಕಾಗಿದೆ, ಹೆಬ್ಬೆರಳು ಕೂರುವಲ್ಲಿ ಒಂದು ಸಣ್ಣ ಮಚ್ಚೆ. ಲಿಂಬ್ (ಬಗ್ಗುವ ತೋಳು) ಮೇಲೆ ಶೇಕ್ಸ್‌ಪಿಯರ್ ಅಂತ ಹೆಸರು, ನೆಸೀಡ ಮಾಡೆಲ್, ಎಕ್ಸ್-26, ಎಳೆಯುವ ಭಾರ 45 ಪೌಂಡ್.

ಅಜ್ಜಿ ಹೇಳಿದ್ದು ಇಷ್ಟು. ಅವರ ಯಜಮಾನರು ಇದೇ ಊರಿನ ಶೇಕ್ಸ್‌ಪಿಯರ್ ಫ್ಯಾಕ್ಟರಿಯಲ್ಲಿ ಗಾಳದ ರಾಡ್ ಮಾಡುವ ಕಡೆ ಇದ್ದರಂತೆ. ಕೆಲಸದವರಿಗೆ ಸ್ವಲ್ಪ ಕಡಿಮೆ ಬೆಲೆಗೆ ಬಿಲ್ಲು ಸಿಕ್ಕಿತಂತೆ. ಪ್ರತಿ ಅಕ್ಟೋಬರ್‌ನಲ್ಲಿ ಇದನ್ನೇ ಹಿಡಿದು ಕಾಡಿಗೆ ಹೋಗುತ್ತಿದ್ದರಂತೆ. 40 ಡಾಲರ್ ಕೊಟ್ಟು ತಂದೆ. ದಾರಿಯುದ್ದಕ್ಕೂ ಮಗು ಹಿಡಿದುಕೊಂಡ ಹಾಗೆ ಹಿಡಿದುಕೊಂಡು ಬಂದೆ.

ಈಗ ಎರಡು ಪ್ರಶ್ನೆ. ಇದರಲ್ಲಿ ಬಾಣ ಬಿಡಬಹುದಾ, ಇಲ್ಲ ಗೋಡೆಗೆ ತೂಗು ಹಾಕುವುದೇ ಸರಿಯಾ? ಎರಡನೆಯದು, ನಿಮ್ಮಲ್ಲಿ ಇಂಥ ನಿಂತುಹೋದ ಕಂಪನಿಗಳ ಬಿಲ್ಲು ಯಾರ ಹತ್ತಿರ ಇದೆ? ಅವುಗಳ ಕಥೆ ಬರೆಯಿರಿ. ನನಗೆ ಇದರ ಬಗ್ಗೆ ತಿಳಿದುಕೊಳ್ಳುವ ಹಸಿವು ಹತ್ತಿಬಿಟ್ಟಿದೆ.

ಹಳೇ ಹೆದೆ (ಲ್ಯಾನ್ಸಿಂಗ್)

ತಮ್ಮಾ, ಮೊದಲು ಅಭಿನಂದನೆ. ಗೋಡೆಗೆ ಹಾಕಬೇಡಿ. ಬಿಲ್ಲು ಚೆನ್ನಾಗಿದ್ದರೆ ಬಾಣ ಬಿಡಿ. ಆದರೆ ಆತುರ ಬೇಡ, ಮೊದಲು ಪರೀಕ್ಷೆ ಮಾಡಿ.

ಹತ್ತಿ ಉಂಡೆ ತಗೊಂಡು ಲಿಂಬ್‌ಗಳ ಅಂಚಿನ ಉದ್ದಕ್ಕೂ ಮೆಲ್ಲಗೆ ಎಳೆಯಿರಿ. ಎಲ್ಲಾದರೂ ಎಳೆ ಸಿಕ್ಕಿಹಾಕಿಕೊಂಡರೆ ಅಲ್ಲಿ ಫೈಬರ್‌ಗ್ಲಾಸ್ ಸೀಳಿದೆ ಅಂತ ಅರ್ಥ. ಆಮೇಲೆ ಗ್ಲಾಸ್ ಮತ್ತು ಮರ ಸೇರುವ ಗೆರೆಯನ್ನು ಟಾರ್ಚ್ ಹಾಕಿ ನೋಡಿ. ಪದರ ಬಿಟ್ಟಿದ್ದರೆ ಅಲ್ಲಿ ಬೆಳಕು ಬೇರೆ ಥರ ಕಾಣುತ್ತದೆ. ಮೇಲಿನ ಪಾಲಿಶ್‌ನಲ್ಲಿ ಕೂದಲಿನಷ್ಟು ಸಣ್ಣ ಬಿರುಕುಗಳಿದ್ದರೆ ಹೆದರಬೇಡಿ, ಅದು ವಯಸ್ಸಿನ ಸುಕ್ಕು. ಉಗುರು ಸಿಕ್ಕಿಕೊಳ್ಳುವ ಬಿರುಕಾದರೆ ಮಾತ್ರ ಹೆದರಬೇಕು. ಕೊನೆಗೆ ಹೆದೆ ಏರಿಸಿ, ಬಿಲ್ಲನ್ನು ಕಣ್ಣಿಗೆ ನೇರ ಹಿಡಿದು ನೋಡಿ. ಹೆದೆ ಎರಡೂ ಲಿಂಬ್‌ಗಳ ಮಧ್ಯಕ್ಕೆ ಬರಬೇಕು. ಒಂದು ಕಡೆ ವಾಲಿದರೆ ಲಿಂಬ್ ತಿರುಚಿದೆ.

ಹೆದೆ ಏರಿಸುವಾಗ ದಯವಿಟ್ಟು ಕಾಲು ಸಂದಿಯಲ್ಲಿ ಸಿಕ್ಕಿಸಿ ಬಗ್ಗಿಸುವ ಹಳೇ ಪದ್ಧತಿ ಬೇಡ. ಎಷ್ಟೋ ಒಳ್ಳೆಯ ಬಿಲ್ಲುಗಳ ಲಿಂಬ್ ತಿರುಚಿಕೊಂಡಿದ್ದು ಹಾಗೇ. ಹಗ್ಗದ ಸ್ಟ್ರಿಂಗರ್ ಸಿಗುತ್ತದೆ, ತಗೊಳ್ಳಿ.

ಇನ್ನು ನಿಮ್ಮ ಬಿಲ್ಲಿನ ಕುಲದ ಮಾತು. ಶೇಕ್ಸ್‌ಪಿಯರ್ ಅಂದರೆ ನಾಟಕದವರಲ್ಲ, ಕಲಮಜೂನ ವಿಲಿಯಂ ಶೇಕ್ಸ್‌ಪಿಯರ್ ಜೂನಿಯರ್ ಅನ್ನುವವರು 1897ರಲ್ಲಿ ಶುರು ಮಾಡಿದ ಮೀನಿನ ಗಾಳದ ಕಂಪನಿ. ರೀಲಿನಲ್ಲಿ ದಾರ ಒಂದೇ ಸಮನಾಗಿ ಸುತ್ತಿಕೊಳ್ಳುವ ಹಾಗೆ ಮಾಡಿ ಹೆಸರಾದವರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅವರು ಫೈಬರ್‌ಗ್ಲಾಸ್ ರಾಡ್ ಮಾಡಿದರು. ಬಗ್ಗಿ ಮತ್ತೆ ನೆಟ್ಟಗಾಗುವ ಗ್ಲಾಸ್ ಕೈಗೆ ಬಂದ ಮೇಲೆ ಬಿಲ್ಲಿಗೆ ಬರುವುದು ದೂರದ ದಾರಿ ಏನಲ್ಲ, ಅಲ್ವಾ? ರಾಡ್‌ಗೆ ವಂಡರ್‌ರಾಡ್, ಬಿಲ್ಲಿಗೆ ವಂಡರ್‌ಬೋ.

ಮಾಡೆಲ್ ಹೆಸರುಗಳನ್ನು ಗಮನಿಸಿದ್ದೀರಾ? ನೆಸೀಡ ಅನ್ನುವುದು ವಿಸ್ಕಾನ್ಸಿನ್‌ನ ಜೌಗು ಕಾಡು. ಕೈಬಾಬ್ ಅರಿಜೋನಾದಲ್ಲಿ, ಗ್ರ್ಯಾಂಡ್ ಕ್ಯಾನ್ಯನ್‌ನ ಉತ್ತರ ದಂಡೆ. ಓಕಾಲಾ ಫ್ಲಾರಿಡಾದ ಕಾಡು. ಎಲ್ಲವೂ ಜಿಂಕೆ ಬೇಟೆಯ ಜಾಗಗಳು. ಫ್ಯಾಕ್ಟರಿ ಕೆಲಸಗಾರ ವರ್ಷಕ್ಕೆ ಒಂದು ವಾರ ರಜೆ ಹಾಕಿ ಹೋಗಬೇಕು ಅಂತ ಕನಸು ಕಾಣುತ್ತಿದ್ದ ಜಾಗದ ಹೆಸರನ್ನೇ ಬಿಲ್ಲಿಗೆ ಇಟ್ಟರು. ನನಗೆ ಇದು ತುಂಬಾ ಇಷ್ಟ.

ಪೈನ್ ಬ್ಲಫ್ ಪಕ್ಕದವನು

ನಾನು ಅರ್ಕಾನ್ಸಾದವನು, ಲಿಟಲ್ ರಾಕ್‌ನಲ್ಲಿ ಕೆಲಸ. ಇಲ್ಲಿಂದ ಒಂದು ಗಂಟೆಯೊಳಗೆ ಪೈನ್ ಬ್ಲಫ್ ಅನ್ನುವ ಊರು. ಬೆನ್ ಪಿಯರ್ಸನ್ ಬಿಲ್ಲುಗಳ ಊರು. ಈಗ ಅಲ್ಲಿ ಹೋಗಿ ಹತ್ತು ಜನರನ್ನು ಕೇಳಿದರೆ ಇಬ್ಬರಿಗೆ ನೆನಪಿದ್ದರೆ ಹೆಚ್ಚು. ನನಗೆ ಹೊಟ್ಟೆ ಉರಿಯುತ್ತದೆ.

ಪಿಯರ್ಸನ್ ಹುಟ್ಟಿದ್ದು 1898ರಲ್ಲಿ, ಅರ್ಕಾನ್ಸಾದಲ್ಲೇ. ಮೊದಲು ವಿದ್ಯುತ್ ಕಂಪನಿಯಲ್ಲಿ ನೌಕರಿ. ಮನೆಯಲ್ಲೇ ಬಿಲ್ಲು ಮಾಡಿಕೊಂಡು ರಾಜ್ಯದ ಪಂದ್ಯಕ್ಕೆ ಹೋದರು. ಕೊನೆಯವರಿಗಿಂತ ಒಂದು ಸ್ಥಾನ ಮೇಲೆ ಬಂದರು. ಬೇರೆಯವರಾದರೆ ಅಲ್ಲಿಗೆ ಬಿಡುತ್ತಿದ್ದರು. ಇವರು ವರ್ಷವಿಡೀ ಬಿಲ್ಲು ತಿದ್ದಿ, ಕೈ ತಿದ್ದಿ, ಮುಂದಿನ ವರ್ಷ ಅದೇ ಪಂದ್ಯ ಗೆದ್ದರು. 1938ರಲ್ಲಿ ಒಕ್ಲಹೋಮಾದ ಎಣ್ಣೆ ವ್ಯಾಪಾರಿ ಕಾರ್ಲ್ ಹಾನ್ ದುಡ್ಡು ಹಾಕಿದ ಮೇಲೆ ಕೆಲಸ ಹಬ್ಬಿತು. ಬಾಣ ಮಾಡುವ ಮೆಷಿನ್‌ಗಳನ್ನು ಪಿಯರ್ಸನ್ ತಾವೇ ಯೋಚಿಸಿ ಕಟ್ಟಿದರು. ಅದಕ್ಕೆ ಮೊದಲು ಒಳ್ಳೆಯ ಬಿಲ್ಲು ಅಂದರೆ ಒಬ್ಬ ಕುಶಲಕರ್ಮಿಯ ಹತ್ತಿರ ಹೇಳಿ ಮಾಡಿಸಿಕೊಳ್ಳುವ ವಸ್ತು, ಬೆಲೆ ಜಾಸ್ತಿ. ಪಿಯರ್ಸನ್‌ನಿಂದ ಅದು ಅಂಗಡಿಯ ಕಪಾಟಿಗೆ ಬಂತು. ಹಳ್ಳಿಯ ಹುಡುಗ ಹುಲ್ಲು ಕತ್ತರಿಸಿ ಗಳಿಸಿದ ದುಡ್ಡಿನಲ್ಲಿ ಬಿಲ್ಲು ಕೊಳ್ಳಬಹುದು ಅನ್ನುವ ಹಾಗಾಯಿತು.

ನನ್ನ ಹತ್ತಿರ ಇರುವುದು ಕೂಗರ್, 7050 ಅಂತ ಮಾಡೆಲ್ ನಂಬರ್. ಹೆಚ್ಚಿನ ಅಲಂಕಾರ ಇಲ್ಲ. ಎಳೆದರೆ ಬೆಣ್ಣೆ.

ಒಂದು ನೋವಿನ ಮಾತೂ ಹೇಳುತ್ತೇನೆ, ಹೊಸಬರಿಗೆ ಪಾಠ ಆಗಲಿ. ಇದು ನನ್ನ ಎರಡನೇ ಕೂಗರ್. ಮೊದಲನೆಯದಕ್ಕೆ ಹೆದೆ ಹಾಕಿಸಲು ಒಂದು ಅಂಗಡಿಗೆ ಕೊಟ್ಟಿದ್ದೆ. ಅಲ್ಲಿದ್ದವರು ಈಗಿನ ಕಾಲದ ಫಾಸ್ಟ್ ಫ್ಲೈಟ್ ಅನ್ನುವ ನೂಲಿನ ಹೆದೆ ಹಾಕಿಕೊಟ್ಟರು. ನನಗೂ ಗೊತ್ತಿರಲಿಲ್ಲ. ಎರಡು ವಾರ ಬಾಣ ಜೋರಾಗಿ ಹೋಗುತ್ತಿದೆ ಅಂತ ಖುಷಿಪಟ್ಟೆ. ಮೂರನೇ ಭಾನುವಾರ ಠಪ್ ಅಂತ ಶಬ್ದ. ಮೇಲಿನ ಲಿಂಬ್‌ನ ತುದಿ, ಹೆದೆ ಕೂರುವ ಕಚ್ಚಿನಿಂದ ಕೆಳಕ್ಕೆ ಎರಡು ಇಂಚು ಸೀಳಿ ಹೋಯಿತು. ಸುಮಾರು ಹೊತ್ತು ಹುಲ್ಲಿನ ಮೇಲೆ ಹಾಗೇ ಕೂತಿದ್ದೆ. ಆ ಫ್ಯಾಕ್ಟರಿಯ ಬಾಗಿಲು ಮುಚ್ಚಿದೆ, ಅದನ್ನು ಅಂಟಿಸಿದವರು ಇಲ್ಲ, ಇನ್ನೊಂದು ಮಾಡಿಕೊಡಿ ಅಂತ ಯಾರನ್ನು ಕೇಳುವುದು?

ಹಳೇ ಹೆದೆ (ಲ್ಯಾನ್ಸಿಂಗ್)

ಓದಿ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ಕಲಮಜೂ ತಮ್ಮಾ, ಇದನ್ನು ಮನಸ್ಸಿಗೆ ಹಾಕಿಕೊಳ್ಳಿ. ಹಳೇ ಬಿಲ್ಲಿಗೆ ಡೇಕ್ರಾನ್ ಹೆದೆ, ಬಿ-50 ಅಂತ ಕೇಳಿ. ಡೇಕ್ರಾನ್ ಸ್ವಲ್ಪ ಹಿಗ್ಗುತ್ತದೆ, ಬಾಣ ಬಿಟ್ಟಾಗ ಏಟನ್ನು ತಾನು ನುಂಗಿಕೊಳ್ಳುತ್ತದೆ. ಹೊಸ ನೂಲು ಹಿಗ್ಗುವುದೇ ಇಲ್ಲ, ಏಟೆಲ್ಲ ತುದಿಗೆ ಬೀಳುತ್ತದೆ. ಆ ಕಾಲದ ತುದಿಗಳನ್ನು ಅದಕ್ಕೆ ಕಟ್ಟಿರಲಿಲ್ಲ. 58 ಇಂಚಿನ ರಿಕರ್ವ್‌ಗೆ 54 ಇಂಚಿನ ಹೆದೆ, 14 ಎಳೆ ಸಾಕು. ಬಿಲ್ಲಿನ ಹಿಡಿಯಿಂದ ಹೆದೆಗೆ ಏಳೂವರೆ ಇಂಚು ಅಂತರದಿಂದ ಶುರು ಮಾಡಿ. ಹೆದೆಯನ್ನು ನಾಲ್ಕೈದು ಸುತ್ತು ಹುರಿ ಮಾಡುತ್ತಾ ಎಂಟರವರೆಗೆ ಹೋಗಿ. ಎಲ್ಲಿ ಶಬ್ದ ಕಡಿಮೆಯೋ ಅದೇ ಅದರ ಜಾಗ. ಬಿಲ್ಲೇ ಹೇಳುತ್ತದೆ.

ಯಾಕಿಮಾ ಸುಮ

ವಾಷಿಂಗ್ಟನ್ ರಾಜ್ಯದಿಂದ ನಾನೂ ಸೇರಿಕೊಳ್ಳುತ್ತೇನೆ. ನನ್ನದು ಡೇಮನ್ ಹೊವಾಟ್. ಈ ಯಾಕಿಮಾದಲ್ಲೇ ಮಾಡಿದ್ದು, ಅದಕ್ಕೇ ಈ ಹೆಸರಿಟ್ಟುಕೊಂಡಿದ್ದು. ಸೇಬಿನ ತೋಟಗಳ ಊರಿನಲ್ಲಿ ಕೂತು ಆ ಮನುಷ್ಯ ಎಂಥ ಬಿಲ್ಲು ಮಾಡಿದರು! ಹಂಟರ್ 62 ಇಂಚು, ಸೂಪರ್ ಡಯಾಬ್ಲೋ 60, ಮಾಂಬಾ 58. ಆಮೇಲೆ 70ರ ದಶಕದಲ್ಲಿ ವಾಲಾ ವಾಲಾದ ಮಾರ್ಟಿನ್ ಕಂಪನಿ ತಗೊಂಡಿತು. ಅವರೂ ಹಂಟರ್, ಮಾಂಬಾ ಹೆಸರಿನಲ್ಲಿ ಬಹಳ ವರ್ಷ ಮಾಡಿದರು, ಚೆನ್ನಾಗಿಯೇ ಮಾಡಿದರು.

ನನ್ನದು ಮಾಂಬಾ, 40 ಪೌಂಡ್. ನಾನು ಬೇಟೆಗೆ ಹೋಗುವುದಿಲ್ಲ, ಕಾಡಿನಲ್ಲಿ ರಬ್ಬರಿನ ಜಿಂಕೆ ಕರಡಿ ನಿಲ್ಲಿಸಿರುತ್ತಾರಲ್ಲ, ಆ 3ಡಿ ಪಂದ್ಯಗಳಿಗೆ ಮಾತ್ರ. ಆದರೂ ಬೇಟೆಗೆಂದೇ ಮಾಡಿದ ಬಿಲ್ಲು ಹಿಡಿದಾಗ ಗೊತ್ತಾಗುತ್ತದೆ. ಮರದ ಕೊಂಬೆ ಕೆಳಗೆ ಬಗ್ಗಿ, ಮಂಡಿ ಊರಿ, ಎತ್ತಲು ತಿರುಗಿದರೂ ಅದು ಎಲ್ಲಿಯೂ ತಾಗುವುದಿಲ್ಲ. ಟಾರ್ಗೆಟ್ ಬಿಲ್ಲು ನಿಂತಲ್ಲಿ ನಿಲ್ಲುತ್ತದೆ. ಇದು ನಮ್ಮ ಜೊತೆ ನಡೆಯುತ್ತದೆ.

ಮೈಸೂರು ಮಲ್ಲಿಗೆ

ನಾನು ಇಲ್ಲಿ ಓದುತ್ತಾ ಕೂತವಳು, ಬರೆಯಲೇಬೇಕು ಅನ್ನಿಸಿತು. ಮೈಸೂರಿನಲ್ಲಿ ರಿಕರ್ವ್ ಆಡುತ್ತೇನೆ. ಶುರು ಮಾಡಿದ್ದು ಇಂಡಿಯನ್ ರೌಂಡ್‌ನಲ್ಲಿ, ಬಿದಿರಿನ ಬಿಲ್ಲಿನಲ್ಲಿ. ಹಾಗಾಗಿ ಮರದ ಬಿಲ್ಲು ಅಂದರೆ ನನಗೂ ಪ್ರೀತಿ.

ಒಂದು ಕೇಳಬಹುದಾ? ನೀವೆಲ್ಲ ಬೇಟೆ ಬಿಲ್ಲಿನ ಬಗ್ಗೆ ಇಷ್ಟು ಅಕ್ಕರೆಯಿಂದ ಬರೆಯುತ್ತೀರಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಅದು ಬಂದದ್ದೇ ಒಳ್ಳೆಯದಾಯಿತು ಅನ್ನುವವಳು ನಾನು. ಫ್ರೆಡ್ ಬೇರ್ ಅನ್ನುವವರು 60ರ ದಶಕದಲ್ಲಿ ಭಾರತಕ್ಕೂ ಬಂದು ಬಿಲ್ಲಿನಿಂದ ಹುಲಿ ಹೊಡೆದಿದ್ದರು ಅಂತ ಓದಿದ್ದೇನೆ. ಆ ಫೋಟೋ ನೋಡಿದರೆ ನನಗೆ ಸಂಕಟ ಆಗುತ್ತದೆ. ಆ ಬಿಲ್ಲನ್ನು ಹೇಗೆ ಪ್ರೀತಿಸುವುದು?

ಹಳೇ ಹೆದೆ (ಲ್ಯಾನ್ಸಿಂಗ್)

ಮಗಳೇ, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಹುಲಿಯ ಫೋಟೋ ನೋಡಿ ನನಗೂ ಹಾಗೇ ಆಗುತ್ತದೆ. ಅದನ್ನು ಸಮರ್ಥಿಸಲು ಹೋಗುವುದಿಲ್ಲ. ಆಗ ನಮ್ಮ ದೇಶದಲ್ಲಿ ಪರವಾನಗಿ ಕೊಟ್ಟು ಹುಲಿ ಬೇಟೆ ಮಾಡಿಸುತ್ತಿದ್ದರು, ಅದು ನಿಂತದ್ದು ಒಳ್ಳೆಯದೇ.

ಆದರೆ ಇಲ್ಲಿನ ಜಿಂಕೆ ಬೇಟೆಯ ಮಾತು ಬೇರೆ. ಇಲ್ಲಿ ಹುಲಿ ಇಲ್ಲ, ತೋಳ ಕೆಲವೇ ಕಡೆ. ಬಿಳಿಬಾಲದ ಜಿಂಕೆ ವಿಪರೀತ. ಲೈಸೆನ್ಸ್ ತಗೊಂಡು, ಗೊತ್ತಾದ ತಿಂಗಳಲ್ಲಿ, ಗೊತ್ತಾದಷ್ಟೇ ಹೊಡೆಯಬೇಕು. ಇನ್ನೊಂದು ವಿಷಯ ನಿಮಗೆ ಇಷ್ಟ ಆಗಬಹುದು. ನಮ್ಮ ಕಾಯ್ದೆ ಬಂದ ಅದೇ 1972ರಲ್ಲಿ ಅಮೆರಿಕದಲ್ಲಿ ಬಿಲ್ಲು ಬಾಣಗಳ ಮೇಲೆ ಶೇ. 11ರಷ್ಟು ತೆರಿಗೆ ಹಾಕುವ ಕಾನೂನು ಬಂತು. ಬಂದೂಕಿನ ಮೇಲೆ ಮೊದಲೇ ಇತ್ತು. ಆ ದುಡ್ಡು ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ, ಕಾಡು ಜೌಗುಗಳನ್ನು ಉಳಿಸಲು. ನೀವು ಹೇಳಿದ ಬೇಸರ ಇದರಿಂದ ಹೋಗಬೇಕು ಅಂತ ಹೇಳುತ್ತಿಲ್ಲ. ಎರಡೂ ನಿಜ, ಎರಡನ್ನೂ ಇಟ್ಟುಕೊಂಡೇ ನಾನು ಬಿಲ್ಲು ಹಿಡಿಯುತ್ತೇನೆ.

ಮೈಸೂರು ಮಲ್ಲಿಗೆ

ಹೀಗೆ ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್ ಅಂಕಲ್. ಫ್ರೆಡ್ ಬೇರ್ ಬಗ್ಗೆಯೂ ಹೇಳಿ. ಎಲ್ಲಿ ಹುಡುಕಿದರೂ ಅವರ ಹೆಸರೇ ಬರುತ್ತದೆ.

ಹಳೇ ಹೆದೆ (ಲ್ಯಾನ್ಸಿಂಗ್)

ಕೇಳಿದ್ದು ಒಳ್ಳೆಯದಾಯಿತು, ಇದಕ್ಕಾಗಿ ಕಾಯುತ್ತಿದ್ದೆ. ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

ಫ್ರೆಡ್ ಬೇರ್ 1902ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದವರು. 1923ರಲ್ಲಿ ಕೆಲಸ ಹುಡುಕಿಕೊಂಡು ಡೆಟ್ರಾಯಿಟ್‌ಗೆ ಬಂದು ಪ್ಯಾಕಾರ್ಡ್ ಕಾರ್ ಕಂಪನಿಯಲ್ಲಿ ಮರದ ಅಚ್ಚು ಮಾಡುವ ಕೆಲಸಕ್ಕೆ ಸೇರಿದರು. ಅಚ್ಚು ಮಾಡುವವನ ಕೈ ಅಂದರೆ ಗೊತ್ತಲ್ಲ, ಕೂದಲೆಳೆಯಷ್ಟು ತಪ್ಪಿದರೂ ಎರಕ ಹಾಳು. 1927ರಲ್ಲಿ ಅಲಾಸ್ಕಾದಲ್ಲಿ ಬಿಲ್ಲು ಹಿಡಿದು ಬೇಟೆಯಾಡಿದ ಆರ್ಟ್ ಯಂಗ್ ಅವರ ಸಿನಿಮಾ ನೋಡಿದರು. ಆಮೇಲೆ ಯಂಗ್ ಪರಿಚಯವಾಗಿ, ಬಿಲ್ಲು ಮಾಡುವುದನ್ನು ಅವರಿಂದಲೇ ಕಲಿತರು. 1933ರಲ್ಲಿ, ದೇಶವೇ ಬಡತನದಲ್ಲಿ ಮುಳುಗಿದ್ದಾಗ, ಗೆಳೆಯನ ಜೊತೆ ಸೇರಿ ಸಣ್ಣ ಅಂಗಡಿ. ಹೊಟ್ಟೆಪಾಡಿಗೆ ಸಿಲ್ಕ್ ಸ್ಕ್ರೀನ್ ಜಾಹೀರಾತಿನ ಕೆಲಸ, ಪಕ್ಕದಲ್ಲಿ ಬಿಲ್ಲಿನ ಕೆಲಸ.

1947ರಲ್ಲಿ ಡೆಟ್ರಾಯಿಟ್ ಬಿಟ್ಟು ಗ್ರೇಲಿಂಗ್‌ಗೆ ಹೋದರು. ಉತ್ತರ ಮಿಶಿಗನ್‌ನ ಸಣ್ಣ ಊರು, ಪಕ್ಕದಲ್ಲೇ ಓ ಸೇಬಲ್ ಹೊಳೆ. ಅದೇ ವರ್ಷ ಅಲ್ಲಿಂದ ದೋಣಿ ಓಟದ ಪಂದ್ಯವೂ ಶುರುವಾಯಿತು, ಈಗಲೂ ನಡೆಯುತ್ತದೆ. ಗ್ರಿಜ್ಲಿ, ಕೋಡಿಯಾಕ್, ಕೋಡಿಯಾಕ್ ಮ್ಯಾಗ್ನಮ್, ಸೂಪರ್ ಕೋಡಿಯಾಕ್, ಈ ಬಿಲ್ಲುಗಳೆಲ್ಲ ಅಲ್ಲಿ ಹುಟ್ಟಿದವು. ನಡುವೆ ಮೇಪಲ್ ಮರದ ತೆಳು ಪದರ, ಎರಡೂ ಕಡೆ ಫೈಬರ್‌ಗ್ಲಾಸ್. ಅಲ್ಲಿಯವರೆಗೆ ಮರದ ಬಿಲ್ಲು ಚಳಿಗೆ ಮುರಿಯುತ್ತಿತ್ತು, ಮಳೆಗೆ ಸೋಲುತ್ತಿತ್ತು, ಎರಡು ವರ್ಷಕ್ಕೆ ಬಾಗಿಕೊಂಡೇ ಉಳಿಯುತ್ತಿತ್ತು. ಗ್ಲಾಸ್ ಬಂದ ಮೇಲೆ ಬಿಲ್ಲಿಗೆ ಆಯಸ್ಸು ಬಂತು. ಇವತ್ತು ನಾವು ಅರವತ್ತು ವರ್ಷದ ಬಿಲ್ಲನ್ನು ಧೈರ್ಯವಾಗಿ ಎಳೆಯುವುದು ಅದರ ಪುಣ್ಯದಿಂದ.

ಇಲ್ಲಿ ಒಂದು ಎಚ್ಚರಿಕೆ. ಹಳೇ ಬೇರ್ ಬಿಲ್ಲಿನ ಮೇಲೆ ಪೇಟೆಂಟ್ ನಂಬರ್ ಇರುತ್ತದೆ, ಪಕ್ಕದಲ್ಲಿ "ಕೆನಡಾ 1953" ಅಂತ. ಹೊಸಬರು ಎಡವುವುದು ಅಲ್ಲೇ. "ನಂದು 1953ರ ಬಿಲ್ಲು, ಕೆನಡಾದಲ್ಲಿ ಮಾಡಿದ್ದು" ಅಂತ ದುಬಾರಿ ಬೆಲೆಗೆ ಮಾರುವವರೂ ಇದ್ದಾರೆ, ಕೊಳ್ಳುವವರೂ ಇದ್ದಾರೆ. ಅದು ಕೆನಡಾದ ಪೇಟೆಂಟಿನ ವರ್ಷ ಅಷ್ಟೇ. 60ರ ದಶಕದ ಬಿಲ್ಲಿನ ಮೇಲೂ ಅದೇ ಇರುತ್ತದೆ. ವಯಸ್ಸು ತಿಳಿಯಲು ರೈಸರ್‌ನಲ್ಲಿ, ಅಂದರೆ ನಡುವಿನ ಹಿಡಿಯುವ ಭಾಗದಲ್ಲಿ, ಕೂರಿಸಿದ ನಾಣ್ಯ ನೋಡಿ. ಬೆರಳಾಡಿಸಿದಾಗ ಮರಕ್ಕೆ ಸಮನಾಗಿ ಕೂತಿದ್ದರೆ 70ರ ದಶಕದ ಶುರುವಿಗಿಂತ ಹಳೆಯದು. ಉಬ್ಬಿಕೊಂಡು ಬೆರಳಿಗೆ ತಾಗಿದರೆ ಆಮೇಲಿನದು. ಕತ್ತಲಲ್ಲೂ ಹೇಳಬಹುದು.

ನನ್ನ ಕಣ್ಣಿಗೆ ಅವರ ಕೈಯ ಅತ್ಯುತ್ತಮ ಕೆಲಸ 1970ರ ಟೇಕ್‌ಡೌನ್, ಬಿಚ್ಚಿ ಜೋಡಿಸುವ ಬಿಲ್ಲು. ಎ, ಬಿ, ಸಿ ಅಂತ ಮೂರು ಅಳತೆಯ ರೈಸರ್. 1, 2, 3 ಅಂತ ಲಿಂಬ್. ಯಾವುದಕ್ಕೆ ಯಾವುದನ್ನಾದರೂ ಸೇರಿಸಬಹುದು. ಸ್ಕ್ರೂ ಇಲ್ಲ, ಸ್ಪ್ಯಾನರ್ ಬೇಡ. ಲಿಂಬ್ ತಳ್ಳಿ ಚಿಲಕ ಒತ್ತಿದರೆ ಕ್ಲಿಕ್. ಸಣ್ಣ ವಿಮಾನದಲ್ಲಿ ಅಲಾಸ್ಕಾಗೆ ಹೋಗುವವನು ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋಗಬೇಕು, ಹಿಮದಲ್ಲಿ ಮರಗಟ್ಟಿದ ಬೆರಳಲ್ಲಿ ಜೋಡಿಸಬೇಕು, ಅದಕ್ಕೆ ತಕ್ಕ ಯೋಚನೆ. ಮಾಡುವ ಖರ್ಚು ಜಾಸ್ತಿ, ಕೆಲವೇ ವರ್ಷಕ್ಕೆ ನಿಂತಿತು. ಬೇರ್ ಕಂಪನಿ ಅದೇ ಹೆಸರಿನಲ್ಲಿ ಮತ್ತೆ ಮಾಡುತ್ತಿದೆ, ಒಳ್ಳೆಯ ಬಿಲ್ಲು, ಬೇಡ ಅನ್ನುವುದಿಲ್ಲ. ಆದರೆ ಗ್ರೇಲಿಂಗ್‌ನದು ಗ್ರೇಲಿಂಗ್‌ನದೇ.

ಹೆರ್ಟರ್ಸ್ ಕ್ಯಾಟಲಾಗ್

ಒಂದೇ ಮಾತು ಸೇರಿಸುತ್ತೇನೆ. ಮಿನೆಸೋಟಾದ ವಸೀಕಾ ಊರಿನ ಹೆರ್ಟರ್ಸ್ ಮರೆಯಬೇಡಿ. ಅಂಚೆಯಲ್ಲಿ ದಪ್ಪ ಕ್ಯಾಟಲಾಗ್ ಕಳಿಸಿ ಬಿಲ್ಲು, ಬಲೆ, ದೋಣಿ ಎಲ್ಲ ಮಾರುತ್ತಿದ್ದ ಕಂಪನಿ. 1981ರಲ್ಲಿ ದಿವಾಳಿ ಆಯಿತು. ಅವರ ಪರ್ಫೆಕ್ಷನ್ ಸಿಟ್ಕಾ ಬಿಲ್ಲು ನನ್ನ ಹತ್ತಿರ ಇದೆ. ಸಿಕ್ಕಿದರೆ ಬಿಡಬೇಡಿ.

ಪೈನ್ ಬ್ಲಫ್ ಪಕ್ಕದವನು

ಹಿರಿಯರೇ, ಗ್ರೇಲಿಂಗ್‌ಗೆ ಕೊನೆಗೆ ಏನಾಯಿತು ಅಂತ ಹೇಳಲೇ ಇಲ್ಲ.

ಹಳೇ ಹೆದೆ (ಲ್ಯಾನ್ಸಿಂಗ್)

ಬೇಕಂತಲೇ ಬಿಟ್ಟಿದ್ದೆ. 1968ರಲ್ಲಿ ಕಂಪನಿಯನ್ನು ವಿಕ್ಟರ್ ಕಾಂಪ್ಟೋಮೀಟರ್‌ಗೆ ಮಾರಿದರು. ಲೆಕ್ಕ ಕೂಡಿಸುವ ಮೆಷಿನ್ ಮಾಡುವವರು. ಬೇರ್ ಮುಖ್ಯಸ್ಥರಾಗಿ ಉಳಿದರು. ಗ್ರೇಲಿಂಗ್‌ನಲ್ಲಿ ಕಾರ್ಮಿಕರ ಮುಷ್ಕರ ಆಯಿತು. 1978ರಲ್ಲಿ ಫ್ಯಾಕ್ಟರಿಯನ್ನೇ ಎತ್ತಿ ಫ್ಲಾರಿಡಾದ ಗೇನ್ಸ್‌ವಿಲ್‌ಗೆ ಒಯ್ದರು. ಬೇರ್ ಕೂಡ ಹೋದರು, 1988ರಲ್ಲಿ ಅಲ್ಲೇ ತೀರಿಕೊಂಡರು.

ನಿಮ್ಮ ಪಿಯರ್ಸನ್ ಕಥೆಯೂ ಅದೇ ತಾನೇ?

ಪೈನ್ ಬ್ಲಫ್ ಪಕ್ಕದವನು

ಅದೇ. 60ರ ದಶಕದ ಕೊನೆಯಲ್ಲಿ ಲೀಷರ್ ಗ್ರೂಪ್ ಅನ್ನುವ ಲಾಸ್ ಏಂಜಲೀಸ್ ಕಂಪನಿ ತಗೊಂಡಿತು. ಪಿಯರ್ಸನ್ 1971ರಲ್ಲಿ ತೀರಿಕೊಂಡರು. ಟೆಕ್ಸಾಸ್‌ನ ಜಾಕ್ಸನ್‌ವಿಲ್‌ನಲ್ಲಿ ಬಾಬ್ ಲೀ ಕಟ್ಟಿದ ವಿಂಗ್ ಆರ್ಚರಿ ಗೊತ್ತಲ್ಲ, ಥಂಡರ್‌ಬರ್ಡ್, ಪ್ರೆಸೆಂಟೇಷನ್ ಮಾಡಿದವರು, ಅದನ್ನು ಹಿಮದ ಸ್ಕೀ ಮಾಡುವ ಹೆಡ್ ಕಂಪನಿ ಕೊಂಡಿತು. ಹೆಡ್ ಅನ್ನು ಎಎಂಎಫ್ ಕೊಂಡಿತು, ಬೌಲಿಂಗ್ ಮೆಷಿನ್‌ನವರು.

ಒಂದಾದ ಮೇಲೆ ಒಂದು ಸಾಲಾಗಿ ನೋಡಿ. ಲೆಕ್ಕದ ಮೆಷಿನ್, ಸ್ಕೀ, ಬೌಲಿಂಗ್. ನಾನು ಅಕೌಂಟ್ಸ್ ಕೆಲಸದವನು, ದೊಡ್ಡ ಕಂಪನಿ ಸಣ್ಣದನ್ನು ನುಂಗುವುದನ್ನು ದಿನಾ ನೋಡುತ್ತೇನೆ. ಬಿಲ್ಲಿನ ಪದರಕ್ಕೆ ಅಂಟು ಹಾಕಿ, ಅಚ್ಚಿನಲ್ಲಿ ಬಿಗಿದು, ಕಾವು ಕೊಟ್ಟು ಕಾಯಬೇಕು. ಆಮೇಲೆ ಒಬ್ಬ ಅನುಭವಸ್ಥ ಅದನ್ನು ಬಗ್ಗಿಸಿ ನೋಡಿ, ಎಲ್ಲಿ ಬಿಗಿಯೋ ಅಲ್ಲಿ ಅರ ಹಾಕಿ ಉಜ್ಜಬೇಕು. ಆ ಅನುಭವಸ್ಥನ ಸಂಬಳ ಯಾವ ಲೆಕ್ಕದ ಹಾಳೆಯಲ್ಲೂ ಜಾಸ್ತಿಯಾಗಿಯೇ ಕಾಣುತ್ತದೆ.

ವಿಸ್ಕಾನ್ಸಿನ್ ವೈಟ್‌ಟೇಲ್

ಎಲ್ಲ ತಪ್ಪನ್ನೂ ದೊಡ್ಡ ಕಂಪನಿಗಳ ತಲೆಗೆ ಕಟ್ಟುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ರಾಟೆ ಇರುವ ಕಾಂಪೌಂಡ್ ಬಿಲ್ಲು ಬಂದದ್ದನ್ನು ಯಾರೂ ಹೇಳಲೇ ಇಲ್ಲವಲ್ಲ.

ಮಿಸೌರಿಯ ಹಾಲಿಸ್ ವಿಲ್ಬರ್ ಆಲೆನ್ ಅನ್ನುವವರು ಬಿಲ್ಲಿನ ತುದಿಗಳಿಗೆ ರಾಟೆ ಕಟ್ಟಿ, 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1969ರ ಡಿಸೆಂಬರ್‌ನಲ್ಲಿ ಸಿಕ್ಕಿತು. ಅದನ್ನು ಮೊದಲು ನಂಬಿ, ಲೈಸೆನ್ಸ್ ತಗೊಂಡು ಮಾಡಿದವರು ಕ್ಯಾಲಿಫೋರ್ನಿಯಾದ ಟಾಮ್ ಜೆನ್ನಿಂಗ್ಸ್. ರಿಕರ್ವ್ ಎಳೆದಷ್ಟೂ ಭಾರ ಏರುತ್ತಾ ಹೋಗುತ್ತದೆ. ಕಾಂಪೌಂಡ್‌ನಲ್ಲಿ ಪೂರ್ತಿ ಎಳೆದ ಮೇಲೆ ಭಾರ ಇಳಿಯುತ್ತದೆ, ಆಗ ಹೆಚ್ಚೆಂದರೆ ಅರ್ಧದಷ್ಟು, ಈಗ ಶೇ. 80ಕ್ಕೂ ಜಾಸ್ತಿ. ವಾರಪೂರ್ತಿ ದುಡಿದು ಭಾನುವಾರ ಮಾತ್ರ ಕಾಡಿಗೆ ಹೋಗುವವನಿಗೆ ಅದು ವರ ಅಲ್ವಾ? ಜನ ತಾವಾಗಿಯೇ ಆ ಕಡೆ ಹೋದರು.

ಮತ್ತೆ ಆ ಹಳೇ ಕಾಂಪೌಂಡ್‌ಗಳೂ ಈಗ ನಿಂತುಹೋದ ಬಿಲ್ಲುಗಳೇ. ಅವುಗಳ ಬಗ್ಗೆಯೂ ಯಾರಾದರೂ ಮರುಗಬೇಕು. ನನ್ನ ಮೊದಲ ಬಿಲ್ಲು ಬೇರ್ ಕಂಪನಿಯ ವೈಟ್‌ಟೇಲ್ ಹಂಟರ್. ಕೆಲಸದ ಜಾಗದಲ್ಲಿ ನಿವೃತ್ತಿ ಆಗುತ್ತಿದ್ದ ಹಿರಿಯರು ಸುಮ್ನೆ ಕೊಟ್ಟರು. ಈಗಿನ ಬಿಲ್ಲುಗಳ ಪಕ್ಕ ಇಟ್ಟರೆ ಅದು ಎತ್ತಿನ ಗಾಡಿ. ಆದರೆ ಆ ದುಂಡು ರಾಟೆ ಎಷ್ಟು ನಯವಾಗಿ ಉರುಳುತ್ತದೆ ಅಂದರೆ, ಭಾರ ಯಾವಾಗ ಇಳಿಯಿತು ಅಂತ ತೋಳಿಗೇ ಗೊತ್ತಾಗುವುದಿಲ್ಲ. ಹೊಸದರಲ್ಲಿ ಗುಂಡಿಗೆ ಬಿದ್ದ ಹಾಗೆ ದಡಕ್ ಅನ್ನುತ್ತದೆ.

ನೋವು ಏನೆಂದರೆ, ಅದರ ಕೇಬಲ್ ಸ್ಟೀಲಿನದು. ತುದಿಯಲ್ಲಿ ಕಣ್ಣೀರ ಹನಿ ಆಕಾರದ ಲೋಹದ ಕೊಂಡಿ, ಅದಕ್ಕೆ ಹೆದೆ. ನನ್ನದರಲ್ಲಿ ಕೇಬಲ್‌ನ ಒಂದೆರಡು ಎಳೆ ಕಿತ್ತಿವೆ. ಬಿಡಿಭಾಗ ಹುಡುಕಿ ಎರಡು ವರ್ಷ ಆಯ್ತು, ಸಿಕ್ಕಿಲ್ಲ. ಎಳೆ ಕಿತ್ತ ಕೇಬಲ್ ಇಟ್ಟುಕೊಂಡು ಎಳೆಯುವ ಹಾಗಿಲ್ಲ, ಹರಿದರೆ ಮುಖಕ್ಕೇ. ಹಾಗಾಗಿ ಅದು ಈಗ ಕಪಾಟಿನ ಮೇಲೆ. ನಿಮ್ಮ ಅದೃಷ್ಟ ನೋಡಿ, ಅರವತ್ತು ವರ್ಷದ ರಿಕರ್ವ್‌ಗೆ ಒಂದು ನೂಲಿನ ಹೆದೆ ಸಿಕ್ಕಿದರೆ ಸಾಕು, ಮತ್ತೆ ಜೀವ ಬರುತ್ತದೆ. ನನ್ನ ನಲವತ್ತು ವರ್ಷದ ಕಾಂಪೌಂಡ್‌ಗೆ ಆ ಭಾಗ್ಯ ಇಲ್ಲ.

ಹಳೇ ಹೆದೆ (ಲ್ಯಾನ್ಸಿಂಗ್)

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನೀವು ಹೇಳಿದ್ದು ಸರಿ. ಜೆನ್ನಿಂಗ್ಸ್ ಕಂಪನಿಯನ್ನೂ 1983ರಲ್ಲಿ ಬೇರ್ ಕಂಪನಿ ಕೊಂಡಿತು, ಬರಬರುತ್ತಾ ಆ ಹೆಸರೂ ಹೋಯಿತು. ನಿಮ್ಮ ಕೇಬಲ್‌ನ ಉದ್ದ ಅಳೆದು ಇಲ್ಲಿ ಹಾಕಿ. ನನ್ನ ಪರಿಚಯದವರ ಶೆಡ್ಡಿನಲ್ಲಿ ಮೂರು ಮುರುಕು ಬಿಲ್ಲುಗಳಿವೆ. ನೋಡೋಣ.

ಯಾಕಿಮಾ ಸುಮ

ಕಲಮಜೂ ತಮ್ಮ ಕಾಣೆಯಾಗಿದ್ದಾರೆ. ಹೆದೆ ಬಂತಾ? ಬಾಣ ಬಿಟ್ಟಿರಾ? ಹೇಳಿ ಮಾರಾಯರೇ.

ಕಲಮಜೂ ಹುಡುಗ

ಕ್ಷಮಿಸಿ ಅಕ್ಕಾ, ಹೆದೆ ಬರಲು ಹತ್ತು ದಿನ ಆಯ್ತು. ನಿಮ್ಮೆಲ್ಲರ ಬರಹವನ್ನು ಮೂರು ಸಲ ಓದಿದ್ದೇನೆ.

ಹತ್ತಿ ಉಂಡೆ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಟಾರ್ಚ್ ಹಾಕಿ ಅರ್ಧ ಗಂಟೆ ನೋಡಿದೆ, ಪದರ ಎಲ್ಲೂ ಬಿಟ್ಟಿಲ್ಲ. ಕೆಳಗಿನ ಲಿಂಬ್‌ನಲ್ಲಿ ಮಾತ್ರ ಆ ಸುಕ್ಕಿನ ಗೆರೆಗಳು. ಸ್ಟ್ರಿಂಗರ್ ಹಾಕಿ ಹೆದೆ ಏರಿಸುವಾಗ ಒಂದು ಕಿರ್ ಅನ್ನುವ ಶಬ್ದ ಬಂತು, ಎದೆ ಧಸಕ್ ಅಂತು. ಏನೂ ಆಗಲಿಲ್ಲ. ಪೂರ್ತಿ ಎಳೆಯದೆ, ಮೊದಲ ದಿನ ಅರ್ಧ, ಎರಡನೇ ದಿನ ಮುಕ್ಕಾಲು, ಮೂರನೇ ದಿನ ಪೂರ್ತಿ. ಏಳೂವರೆಯಲ್ಲಿ ಹೆದೆ ಜೋರಾಗಿ ಝೇಂ ಅನ್ನುತ್ತಿತ್ತು. ಏಳೂ ಮುಕ್ಕಾಲು ದಾಟಿದ ಮೇಲೆ ಸದ್ದು ತಟ್ಟನೆ ಇಳಿದು, ಪುಸ್ತಕ ಮುಚ್ಚಿದ ಹಾಗೆ ತಣ್ಣಗೆ ಕೇಳಿಸಿತು. ಹಿರಿಯರು ಹೇಳಿದ ಹಾಗೆ ಅದೇ ತನ್ನ ಜಾಗ ಹೇಳಿತು. ಹದಿನೈದು ಗಜದಲ್ಲಿ ಹನ್ನೆರಡು ಬಾಣ ಬಿಟ್ಟೆ. ನನ್ನ ಹೆಬ್ಬೆರಳು ಸರಿಯಾಗಿ ಆ ಮಚ್ಚೆಯ ಮೇಲೆಯೇ ಕೂರುತ್ತದೆ.

ಮನೆಯವಳು ಆಯುಧಪೂಜೆ ದಿನ ಇದನ್ನೂ ಇಡೋಣ ಅಂದಳು. ಅರಿಶಿನ ಕುಂಕುಮ ಹಚ್ಚಿದರೆ ಪಾಲಿಶ್ ಬಿರುಕಿನೊಳಗೆ ಇಳಿದುಬಿಡುತ್ತದೆ ಅಂತ ಹೆದರಿ, ಹೂವು ಮಾತ್ರ ಏರಿಸಿದೆವು.

ನಿನ್ನೆ ಬಿಲ್ಲು ತಗೊಂಡು ಹೋಗಿ ಅಜ್ಜಿಗೆ ತೋರಿಸಿದೆ. ಹೆದೆ ಏರಿದ ಬಿಲ್ಲು ನೋಡಿ ಏನೂ ಮಾತಾಡಲಿಲ್ಲ. ಎದ್ದು ಒಳಗೆ ಹೋದರು. ತುಂಬಾ ಹೊತ್ತು ಬರಲೇ ಇಲ್ಲ. ತೊಂದರೆ ಕೊಟ್ಟೆನೇನೋ ಅಂದುಕೊಂಡೆ. ಆಮೇಲೆ ಕಾಫಿ ಪುಡಿಯ ಹಳೇ ಉದ್ದನೆಯ ಡಬ್ಬ ಹಿಡಿದು ಬಂದರು. ಒಳಗೆ ಆರು ಮರದ ಬಾಣ. ಸೇಲ್ ದಿನ ಸಿಕ್ಕಿರಲಿಲ್ಲವಂತೆ. ದುಡ್ಡು ತಗೊಳ್ಳಲಿಲ್ಲ. ಮೂಗಿನ ಹತ್ತಿರ ಹಿಡಿದರೆ ಈಗಲೂ ದೇವದಾರಿನ ವಾಸನೆ ಬರುತ್ತದೆ. ಗರಿಗಳನ್ನು ಮಾತ್ರ ಹುಳ ತಿಂದುಬಿಟ್ಟಿದೆ, ದಂಟು ಮತ್ತು ಒಂದಷ್ಟು ತುಪ್ಪಳ ಉಳಿದಿದೆ. ಇವುಗಳಿಗೆ ಹೊಸ ಗರಿ ಅಂಟಿಸಬಹುದಾ?

ಹಳೇ ಹೆದೆ (ಲ್ಯಾನ್ಸಿಂಗ್)

ಅಂಟಿಸಬಹುದು. ಅದಕ್ಕೆ ಮೊದಲು ಒಂದೊಂದು ಬಾಣವನ್ನೂ ಎರಡೂ ತುದಿ ಹಿಡಿದು, ತಿರುಗಿಸುತ್ತಾ, ಸ್ವಲ್ಪ ಬಗ್ಗಿಸಿ ನೋಡಿ. ಚಟ್ ಅಂದರೂ ಸರಿ, ಸೀಳಿನ ಗೆರೆ ಕಂಡರೂ ಸರಿ, ಅದನ್ನು ಬಿಲ್ಲಿಗೆ ಹೂಡಬೇಡಿ, ಸುಮ್ಮನೆ ಇಟ್ಟುಕೊಳ್ಳಿ. ಗಟ್ಟಿ ಇರುವುದಕ್ಕೆ ಮಾತ್ರ ಗರಿ ಹಾಕಿ. ಹಳೇ ಗರಿ ಇದ್ದ ಗುರುತಿನ ಮೇಲೆಯೇ ಕೂರಿಸಿ. ಗರಿ ಹಕ್ಕಿಯ ಎಡ ರೆಕ್ಕೆಯದೋ ಬಲ ರೆಕ್ಕೆಯದೋ ಅಂತ ಮೊದಲು ಪತ್ತೆ ಮಾಡಿ. ಒಂದೇ ಬಾಣದಲ್ಲಿ ಎರಡೂ ಸೇರಬಾರದು, ಬಾಣ ಗಾಳಿಯಲ್ಲಿ ಒದ್ದಾಡುತ್ತದೆ. ಉಳಿದ ದಂಟು ಯಾವ ಕಡೆ ಬಾಗಿದೆ ನೋಡಿ.

ಕಲಮಜೂ ಹುಡುಗ

ಈಗಷ್ಟೇ ಅಡುಗೆಮನೆ ದೀಪದ ಕೆಳಗೆ ಇಟ್ಟು ನೋಡಿದೆ. ಒಂದರಲ್ಲಿ ಸೀಳಿದೆ, ಐದು ಗಟ್ಟಿ. ಆರಕ್ಕೆ ಆರೂ ಎಡ ರೆಕ್ಕೆ.